ಹಾಸನದಲ್ಲೊಂದು ಕ್ರೋಡೀಕೃತ ಲೆಕ್ಕಪತ್ರ ಸೇವೆ: ಅಂಗಸಂಸ್ಥೆಯಲ್ಲಿನ ಹೂಡಿಕೆಯ ಲೆಕ್ಕವನ್ನು ಅವರು ಹೇಗೆ ಮಾಡಿಕೊಟ್ಟರು

ಹಾಸನದ ಬಿ.ಎಂ. ರಸ್ತೆಗೆ ಹೊಂದಿಕೊಂಡಿರುವ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಚಾರ್ಟರ್ಡ್ ಅಕೌಂಟೆಂಟರ ಕಚೇರಿಯೊಂದಿದೆ. ತೆರಿಗೆ ರಿಟರ್ನ್, ಜಿಎಸ್‌ಟಿ, ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್ ಮುಂತಾಗಿ ಎಲ್ಲ ಕಚೇರಿಗಳೂ ಮಾಡುವ ಕೆಲಸಗಳ ಜೊತೆಗೆ, ಅಂಗಸಂಸ್ಥೆ ಹೊಂದಿರುವ ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಕ್ರೋಡೀಕೃತ ಲೆಕ್ಕಪತ್ರಗಳನ್ನು ಸಿದ್ಧಪಡಿಸಿಕೊಡುವ ಕೆಲಸವನ್ನೂ ಅವರು ಮಾಡುತ್ತಾರೆ. ಚಿಕ್ಕಮಗಳೂರಿನಲ್ಲಿ ಕಾಫಿ ತೋಟ ಮತ್ತು ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ಘಟಕ ನಡೆಸುವ ಕಂಪನಿಯೊಂದರಲ್ಲಿ ಲೆಕ್ಕಪತ್ರ ವಿಭಾಗದ ಹೊಣೆ ಹೊತ್ತಿರುವ ನಾನು, ಈ ಸೇವೆಯನ್ನು ಎರಡು ಹಣಕಾಸು ವರ್ಷಗಳ ಲೆಕ್ಕಕ್ಕೆ ಬಳಸಿಕೊಂಡ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಚೇರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲ ಪರಿಶಿಷ್ಟವು ಜಾಹೀರಾತಿನ ಮೂಲಕ ಕಕ್ಷಿದಾರರನ್ನು ಸೆಳೆಯುವುದನ್ನು ವೃತ್ತಿ ದುರ್ನಡತೆ ಎಂದು ಪರಿಗಣಿಸುತ್ತದೆ. ನನ್ನ ಮೆಚ್ಚುಗೆಯಿಂದ ಅವರಿಗೆ ಇರಿಸುಮುರಿಸಾಗುವುದು ಬೇಡ. ಮೇಲಾಗಿ ಇಲ್ಲಿ ಒಂದೆರಡು ದೂರುಗಳೂ ಇವೆ.

ಸಂದರ್ಭವನ್ನು ಮೊದಲು ಹೇಳಬೇಕು. ನಮ್ಮ ಕಂಪನಿಯು ಹಾಸನದ ಬಳಿಯ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಹುರಿದು ಪುಡಿ ಮಾಡಿ ಮಾರುವ ಖಾಸಗಿ ಕಂಪನಿಯೊಂದರ ಶೇ. 80ರಷ್ಟು ಷೇರುಗಳನ್ನು ಖರೀದಿಸಿತು. ಉಳಿದ ಶೇ. 20 ಹಳೆಯ ಮಾಲೀಕರ ಬಳಿಯೇ ಇದೆ. ಷೇರು ವರ್ಗಾವಣೆ ನಡೆದದ್ದು ಜೂನ್ ತಿಂಗಳ ಮಧ್ಯದಲ್ಲಿ. ಕಂಪನಿಗಳ ಕಾಯ್ದೆ, 2013ರ ಕಲಂ 2(87)ರ ಪ್ರಕಾರ ಒಟ್ಟು ಮತಾಧಿಕಾರದ ಅರ್ಧಕ್ಕಿಂತ ಹೆಚ್ಚು ಪಾಲು ಕೈಗೆ ಬಂದ ಕ್ಷಣದಲ್ಲಿ ಅದು ನಮ್ಮ ಅಂಗಸಂಸ್ಥೆಯಾಯಿತು; ಕಲಂ 129(3)ರ ಪ್ರಕಾರ ನಮ್ಮ ಸ್ವಂತ ಲೆಕ್ಕಪತ್ರಗಳ ಜೊತೆಗೆ ಎರಡೂ ಕಂಪನಿಗಳನ್ನು ಒಟ್ಟುಗೂಡಿಸಿದ ಕ್ರೋಡೀಕೃತ ಲೆಕ್ಕಪತ್ರಗಳನ್ನೂ ವಾರ್ಷಿಕ ಸಭೆಯ ಮುಂದಿಡುವ ಹೊಣೆ ನಮ್ಮ ಹೆಗಲೇರಿತು. ಇದನ್ನು ನಮ್ಮ ಶಾಸನಬದ್ಧ ಲೆಕ್ಕಪರಿಶೋಧಕರೇ ಮಾಡಿಕೊಡಲಿ ಎಂದು ನಿರ್ದೇಶಕರು ಬಯಸಿದ್ದರು. ಆದರೆ ಕಲಂ 144 ಅದಕ್ಕೆ ಅಡ್ಡ ಬರುತ್ತದೆ. ಆಡಿಟರ್ ಆದವರು ತಾವು ಪರಿಶೋಧಿಸುವ ಕಂಪನಿಗಾಗಲಿ, ಅದರ ಮಾತೃಸಂಸ್ಥೆ ಅಥವಾ ಅಂಗಸಂಸ್ಥೆಗಾಗಲಿ ಲೆಕ್ಕ ಬರೆದುಕೊಡುವ ಸೇವೆ ನೀಡುವಂತಿಲ್ಲ. ಹೀಗಾಗಿ ನಮ್ಮ ಆಡಿಟರೂ ಅಲ್ಲದ, ಅಂಗಸಂಸ್ಥೆಯ ಆಡಿಟರೂ ಅಲ್ಲದ ಮೂರನೆಯ ಕಚೇರಿ ಬೇಕಾಯಿತು. ಬೆಂಗಳೂರಿನ ಒಂದು ಕಚೇರಿ ಹೇಳಿದ ಶುಲ್ಕದ ಅರ್ಧಕ್ಕಿಂತ ಸ್ವಲ್ಪ ಮೇಲೆ ಹಾಸನದವರ ಶುಲ್ಕವಿತ್ತು. ಅಂಗಸಂಸ್ಥೆಯ ಪುಸ್ತಕಗಳು ಹೇಗೂ ಹಾಸನದಲ್ಲೇ ಇರುವುದರಿಂದ ಬೇಲೂರಿನ ಮೇಲೆ ಒಂದೂವರೆ ಗಂಟೆಯ ಹಾದಿ ದೊಡ್ಡ ಮಾತೇನಲ್ಲ.

ಒಂದು ವಿಷಯವನ್ನು ಅವರು ಮೊದಲ ಭೇಟಿಯಲ್ಲೇ ತಿಳಿಸಿದರು. ಅದಕ್ಕೆ ಶುಲ್ಕ ಕೇಳಲಿಲ್ಲ. ಕಾಯ್ದೆಯ ಕಲಂ 2(85)ರ ಪ್ರಕಾರ ಅಂಗಸಂಸ್ಥೆ ಹೊಂದಿರುವ ಕಂಪನಿಯಾಗಲಿ, ಅಂಗಸಂಸ್ಥೆಯೇ ಆಗಿರುವ ಕಂಪನಿಯಾಗಲಿ, ಬಂಡವಾಳ ಮತ್ತು ವಹಿವಾಟು ಎಷ್ಟೇ ಕಡಿಮೆಯಿದ್ದರೂ, ‘ಸಣ್ಣ ಕಂಪನಿ’ ಎನಿಸಿಕೊಳ್ಳುವುದಿಲ್ಲ. ಅಂದರೆ ಅಲ್ಲಿಯವರೆಗೆ ನಗದು ಹರಿವಿನ ಪಟ್ಟಿ ತಯಾರಿಸದೆ ನಡೆಯುತ್ತಿದ್ದ ಹಾಸನದ ಘಟಕವೂ ಷೇರು ಕೈಬದಲಾದ ಮೇಲೆ ಅದನ್ನು ತಯಾರಿಸಲೇಬೇಕು. ಷೇರು ಖರೀದಿಯ ಮಾತುಕತೆ ನಡೆಸಿದ ಸಲಹೆಗಾರರಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಈಗ ಕೆಲಸದ ತಿರುಳಿಗೆ ಬರುತ್ತೇನೆ. ನಮ್ಮ ನಿಜವಾದ ಅಂಕಿಗಳನ್ನು ಬದಲಿಸಿ, ದುಂಡು ಮಾಡಿ ಕೊಟ್ಟಿದ್ದೇನೆ. ಲೆಕ್ಕದ ಕ್ರಮ ಮಾತ್ರ ಅವರು ಮಾಡಿದ್ದೇ. ಷೇರಿಗೆ ಕೊಟ್ಟ ಬೆಲೆ, ವರ್ಗಾವಣೆಯ ಸ್ಟ್ಯಾಂಪ್ ಶುಲ್ಕ ಮತ್ತು ಸಲಹಾ ಶುಲ್ಕ ಸೇರಿ ಒಟ್ಟು 2.50 ಕೋಟಿ ರೂಪಾಯಿ ಎಂದಿಟ್ಟುಕೊಳ್ಳಿ. ನಮ್ಮಂಥ, ಇಂಡ್ ಎಎಸ್ (ಅಂತಾರಾಷ್ಟ್ರೀಯ ಮಾನದಂಡಗಳ ಮಾದರಿಯಲ್ಲಿ ರೂಪಿಸಿದ, ದೊಡ್ಡ ಕಂಪನಿಗಳು ಪಾಲಿಸುವ ಭಾರತೀಯ ಲೆಕ್ಕಪತ್ರ ಮಾನದಂಡಗಳು) ಅನ್ವಯವಾಗದ ಕಂಪನಿಗೆ ಲೆಕ್ಕಪತ್ರ ಮಾನದಂಡ 13, ಅಂದರೆ ಎಎಸ್ 13, ಹೇಳುವುದು ಇಷ್ಟು: ದೀರ್ಘಕಾಲದ ಹೂಡಿಕೆಯನ್ನು ಅದರ ವೆಚ್ಚದಲ್ಲೇ ಪುಸ್ತಕದಲ್ಲಿ ಇಡಬೇಕು, ದಲ್ಲಾಳಿ ಶುಲ್ಕ ಮತ್ತು ಸುಂಕಗಳು ಆ ವೆಚ್ಚದ ಭಾಗ, ಮೌಲ್ಯದಲ್ಲಿ ತಾತ್ಕಾಲಿಕವಲ್ಲದ ಇಳಿಕೆಯಾದರೆ ಮಾತ್ರ ಅದನ್ನು ತಗ್ಗಿಸಬೇಕು. ಅಂಗಸಂಸ್ಥೆ ಲಾಭ ಮಾಡಿದಾಗಲೆಲ್ಲ ಮಾತೃಸಂಸ್ಥೆಯ ಸ್ವಂತ ಪುಸ್ತಕದ ಹೂಡಿಕೆ ಖಾತೆಗೆ ಶೇ. 80 ಸೇರಿಸುತ್ತಾ ಹೋಗುವ ಪದ್ಧತಿಗೆ ಇಲ್ಲಿ ಅವಕಾಶವಿಲ್ಲ. ಅಂತಾರಾಷ್ಟ್ರೀಯ ಮಾನದಂಡ ಐಎಎಸ್ 27 ಅಂಥ ಈಕ್ವಿಟಿ ವಿಧಾನವನ್ನು 2016ರಿಂದ ಪ್ರತ್ಯೇಕ ಲೆಕ್ಕಪತ್ರಗಳಲ್ಲೂ ಒಂದು ಆಯ್ಕೆಯಾಗಿ ಒಪ್ಪುತ್ತದೆಯಾದರೂ, ನಮ್ಮ ಇಂಡ್ ಎಎಸ್ 27 ಆ ಆಯ್ಕೆಯನ್ನು ಕೊಟ್ಟಿಲ್ಲ. ಅಲ್ಲಿಯೂ ಇರುವುದು ವೆಚ್ಚ, ಇಲ್ಲವೇ ಇಂಡ್ ಎಎಸ್ 109ರ ಪ್ರಕಾರದ ಮೌಲ್ಯ. ವಿದೇಶಿ ಪಠ್ಯಗಳನ್ನೂ ವಿಡಿಯೊಗಳನ್ನೂ ನೋಡಿ ಕಲಿತುಬರುವ ಹುಡುಗರು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ಹಾಸನದ ಕಚೇರಿಯ ನಿಜವಾದ ಸತ್ವ ನನಗೆ ಕಂಡದ್ದು ಈ ಗೆರೆಯನ್ನು ಅವರು ಕಾಯ್ದುಕೊಂಡ ರೀತಿಯಲ್ಲಿ. ಮಾತೃಸಂಸ್ಥೆಯ ಪುಸ್ತಕ ಒಂದು, ಅಂಗಸಂಸ್ಥೆಯ ಪುಸ್ತಕ ಇನ್ನೊಂದು, ಕ್ರೋಡೀಕರಣ ಇವೆರಡರ ಹೊರಗೆ ಕಾಗದದ ಮೇಲೆ ನಡೆಯುವ ಮೂರನೆಯ ಕೆಲಸ ಎಂಬುದನ್ನು ಅವರು ಒಂದು ವೋಚರಿನಲ್ಲಿಯೂ ಮರೆಯಲಿಲ್ಲ. ಕ್ರೋಡೀಕರಣದ ಒಂದೇ ಒಂದು ಹೊಂದಾಣಿಕೆ ನಮೂದನ್ನೂ ನಮ್ಮ ಟ್ಯಾಲಿ ಲೆಕ್ಕದ ತಂತ್ರಾಂಶದಲ್ಲಿ ಹಾಕಲು ಬಿಡಲಿಲ್ಲ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡೂ ಉಳಿಯಲೇಬೇಕೆಂಬ ನಿಯಮ ಬಂದಿರುವಾಗ, ಒಮ್ಮೆ ಹಾಕಿ ಆಮೇಲೆ ಅಳಿಸಿದರಾಯಿತು ಎಂಬ ಹಳೆಯ ಚಾಳಿ ಹೇಗೂ ನಡೆಯುವಂತಿಲ್ಲ.

ಕ್ರೋಡೀಕರಣಕ್ಕೆ ಎಎಸ್ 21 ಅನ್ವಯಿಸುತ್ತದೆ. ಹೂಡಿಕೆಯ ವೆಚ್ಚವನ್ನು, ಹೂಡಿಕೆ ಮಾಡಿದ ದಿನದಂದು ಅಂಗಸಂಸ್ಥೆಯ ಬಂಡವಾಳ ಮತ್ತು ಮೀಸಲಿನಲ್ಲಿ ನಮಗೆ ಸೇರುವ ಪಾಲಿನೊಂದಿಗೆ ಹೋಲಿಸಿ, ಹೆಚ್ಚಿಗೆ ಕೊಟ್ಟದ್ದನ್ನು ಗುಡ್‌ವಿಲ್ ಎಂದೂ, ಕಡಿಮೆ ಕೊಟ್ಟಿದ್ದರೆ ಬಂಡವಾಳ ಮೀಸಲು ಎಂದೂ ತೋರಿಸಬೇಕು. ‘ಹೂಡಿಕೆ ಮಾಡಿದ ದಿನ’ ಎಂಬುದನ್ನು ಅವರು ಗಟ್ಟಿಯಾಗಿ ಹಿಡಿದರು. ಮಾರ್ಚ್ 31ರ ಆಡಿಟ್ ಆದ ಬ್ಯಾಲೆನ್ಸ್ ಶೀಟ್ ಕೈಯಲ್ಲಿತ್ತು. ಅದನ್ನೇ ಹಿಡಿದು ಮುಂದೆ ಹೋಗಬಹುದಲ್ಲ ಎಂದು ನಾವು ಕೇಳಿದೆವು. ವರ್ಗಾವಣೆಯ ದಿನದ ಲೆಕ್ಕ ತೆಗೆಯಲು ಸಾಧ್ಯವೇ ಇಲ್ಲದಿದ್ದರೆ ಹಿಂದಿನ ಅವಧಿಯ ಲೆಕ್ಕವನ್ನು ಆಧಾರವಾಗಿಟ್ಟುಕೊಳ್ಳಲು ಮಾನದಂಡ ಒಪ್ಪುತ್ತದೆ, ಆದರೆ ನಿಮ್ಮಲ್ಲಿ ತಿಂಗಳು ತಿಂಗಳು ಸ್ಟಾಕ್ ಎಣಿಸುತ್ತಾರಲ್ಲ, ಸಾಧ್ಯವಿಲ್ಲ ಎನ್ನುವುದು ಹೇಗೆ ಎಂಬುದು ಅವರ ಉತ್ತರ. ಏಪ್ರಿಲ್‌ನಿಂದ ಜೂನ್ ಮಧ್ಯದವರೆಗಿನ ಲಾಭ ಹಳೆಯ ಮಾಲೀಕರ ಕಾಲದ್ದು. ಅದು ನಮ್ಮ ಗುಂಪಿನ ಗಳಿಕೆಯಾಗಿ ಕಾಣಬಾರದು, ನಾವು ಕೊಂಡ ಆಸ್ತಿಯ ಭಾಗವಾಗಿ ಕಾಣಬೇಕು. ಅಂತೂ ಆ ದಿನದ ಟ್ರಯಲ್ ಬ್ಯಾಲೆನ್ಸ್, ಅಂದರೆ ಎಲ್ಲ ಖಾತೆಗಳ ಬಾಕಿಗಳ ಪಟ್ಟಿ, ತಯಾರಾಯಿತು: ಷೇರು ಬಂಡವಾಳ 1.50 ಕೋಟಿ, ಮೀಸಲು 90 ಲಕ್ಷ, ಒಟ್ಟು 2.40 ಕೋಟಿ. ನಮ್ಮ ಶೇ. 80 ಎಂದರೆ 1.92 ಕೋಟಿ. ಕೊಟ್ಟದ್ದು 2.50 ಕೋಟಿ, ಆದ್ದರಿಂದ ಗುಡ್‌ವಿಲ್ 58 ಲಕ್ಷ. ಹಳೆಯ ಮಾಲೀಕರ ಶೇ. 20, ಅಂದರೆ 48 ಲಕ್ಷ, ಮೈನಾರಿಟಿ ಇಂಟರೆಸ್ಟ್ ಎಂಬ ಪ್ರತ್ಯೇಕ ಸಾಲಿಗೆ ಹೋಯಿತು.

ಈ 58 ಲಕ್ಷದ ಬಗ್ಗೆ ನನ್ನದೊಂದು ತಕರಾರು ಇದೆ. ಅದು ಕಚೇರಿಯ ಮೇಲಲ್ಲ, ಮಾನದಂಡದ ಮೇಲೆ. ಎಎಸ್ 21 ಅಂಗಸಂಸ್ಥೆಯ ಆಸ್ತಿಗಳನ್ನು ಅವುಗಳ ಪುಸ್ತಕ ಮೌಲ್ಯದಲ್ಲಿಯೇ ತೆಗೆದುಕೊಳ್ಳುತ್ತದೆ. ಹಾಸನದ ಘಟಕದ ನಿವೇಶನ ಪುಸ್ತಕದಲ್ಲಿ ವರ್ಷಗಳ ಹಿಂದಿನ ಬೆಲೆಯಲ್ಲಿಯೇ ಕುಳಿತಿದೆ. ನಾವು ಹೆಚ್ಚಿಗೆ ಕೊಟ್ಟ ಹಣದಲ್ಲಿ ದೊಡ್ಡ ಪಾಲು ಆ ಜಾಗಕ್ಕೆ ಕೊಟ್ಟದ್ದು, ಉಳಿದದ್ದು ಅವರ ಪುಡಿಗೆ ಪೇಟೆಯಲ್ಲಿರುವ ಹೆಸರಿಗೆ. ಇಂಡ್ ಎಎಸ್ 103 ಅನ್ವಯವಾಗುವ ಕಂಪನಿಯಾಗಿದ್ದರೆ ಜಾಗವನ್ನೂ ಬ್ರ್ಯಾಂಡನ್ನೂ ಅಂದಿನ ನ್ಯಾಯಯುತ ಮೌಲ್ಯದಲ್ಲಿ ಬೇರೆ ಬೇರೆಯಾಗಿ ಗುರುತಿಸಿ, ಮಿಕ್ಕಿದ್ದನ್ನು ಮಾತ್ರ ಗುಡ್‌ವಿಲ್ ಎನ್ನಬೇಕಾಗಿತ್ತು. ನಮ್ಮ ಬ್ಯಾಲೆನ್ಸ್ ಶೀಟ್ ಓದುವ ಬ್ಯಾಂಕಿನವರಿಗೆ 58 ಲಕ್ಷ ಬರೀ ಗಾಳಿಯ ಮೌಲ್ಯದಂತೆ ಕಾಣುತ್ತದೆ. ಇದನ್ನು ಟಿಪ್ಪಣಿಯಲ್ಲಾದರೂ ವಿವರಿಸಬಹುದೇ ಎಂದು ಕೇಳಿದಾಗ, ಮಾನದಂಡ ಕೇಳದ ಮೌಲ್ಯಮಾಪನವನ್ನು ಹಣಕಾಸು ಟಿಪ್ಪಣಿಯಲ್ಲಿ ಹಾಕಿದರೆ ಆಡಿಟರ್ ಅದಕ್ಕೂ ಪುರಾವೆ ಕೇಳುತ್ತಾರೆ, ನಿರ್ದೇಶಕರ ವರದಿಯಲ್ಲಿ ಬರೆಯಿರಿ ಎಂದರು. ಒಪ್ಪಬೇಕಾದ ಮಾತು.

ಸೇವೆಯ ಗುಣಮಟ್ಟ ನಿಜವಾಗಿ ಪರೀಕ್ಷೆಗೆ ಒಳಗಾದದ್ದು ಲಾಭಾಂಶದ ವಿಷಯದಲ್ಲಿ. ಸೆಪ್ಟೆಂಬರಿನ ವಾರ್ಷಿಕ ಸಭೆಯಲ್ಲಿ ಅಂಗಸಂಸ್ಥೆಯು ಹಿಂದಿನ ಹಣಕಾಸು ವರ್ಷದ ಲಾಭದಿಂದ 10 ಲಕ್ಷ ರೂಪಾಯಿ ಲಾಭಾಂಶ ಘೋಷಿಸಿತು. ನಮ್ಮ ಪಾಲಿನ 8 ಲಕ್ಷ ಬ್ಯಾಂಕಿಗೆ ಬಂತು. ನಮ್ಮಲ್ಲಿ ಅದನ್ನು ಇತರ ಆದಾಯದ ಖಾತೆಗೆ ಜಮಾ ಮಾಡಲಾಗಿತ್ತು, ಆ ವರ್ಷ ಕ್ಯೂರಿಂಗ್ ವ್ಯವಹಾರ ಸಪ್ಪೆಯಿದ್ದುದರಿಂದ ಅಧ್ಯಕ್ಷರಿಗೆ ಆ ಅಂಕಿಯ ಮೇಲೆ ಸ್ವಲ್ಪ ಪ್ರೀತಿಯೂ ಇತ್ತು. ಕಚೇರಿಯ ಹಿರಿಯ ಲೆಕ್ಕಪರಿಶೋಧಕಿ ಆ ನಮೂದಿನ ಮುಂದೆ ಕೆಂಪು ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಯಾವ ವರ್ಷದ ಲಾಭ ಎಂದು ಕೇಳಿದರು. ಅಧ್ಯಕ್ಷರು ಸ್ವತಃ ಹಾಸನಕ್ಕೆ ಬಂದು ಕುಳಿತರು.

“ದುಡ್ಡು ಬ್ಯಾಂಕಿಗೆ ಬಂದಾಗಿದೆಯಲ್ಲ ಮೇಡಂ, ಆದಾಯ ಅಲ್ಲ ಅಂದ್ರೆ ಹೇಗೆ?” ಎಂದು ಅವರು ಕೇಳಿದರು.

“ಸರ್, ನೀವು ತೋಟ ಕೊಳ್ಳುವಾಗ ಗಿಡದ ಮೇಲಿನ ಫಸಲು ಸಮೇತ ಅಂತ ಬೆಲೆ ಮಾತಾಡಿದ್ರೆ, ಆ ಫಸಲು ಮಾರಿ ಬಂದಿದ್ದನ್ನ ಆ ವರ್ಷದ ದುಡಿಮೆ ಅಂತೀರಾ, ಕೊಟ್ಟ ದುಡ್ಡಲ್ಲಿ ಇಷ್ಟು ವಾಪಸ್ ಬಂತು ಅಂತೀರಾ?”

ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ ಬಿಡಿ, ಬರ್ಕೊಳ್ಳಿ” ಎಂದರು. ತೋಟದ ವ್ಯವಹಾರ ಬಲ್ಲವರಿಗೆ ಅದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಎಎಸ್ 13 ಹೇಳುವುದೂ ಇದನ್ನೇ: ಹೂಡಿಕೆಗೆ ಮುಂಚಿನ ಅವಧಿಯ ಲಾಭದಿಂದ ಬಂದ ಲಾಭಾಂಶವು ಕೊಟ್ಟ ಬೆಲೆಯ ಮರುಪಾವತಿಯಾಗಿರುವಾಗ ಅದನ್ನು ಹೂಡಿಕೆಯ ವೆಚ್ಚದಿಂದ ಕಳೆಯಬೇಕು. ಹಾಗಾಗಿ ನಮ್ಮ ಸ್ವಂತ ಪುಸ್ತಕದಲ್ಲಿ ಹೂಡಿಕೆ 2.50 ಕೋಟಿಯಿಂದ 2.42 ಕೋಟಿಗೆ ಇಳಿಯಿತು. ಗುಡ್‌ವಿಲ್ ಬದಲಾಗುವುದೇ ಎಂಬ ನಮ್ಮ ಮುಂದಿನ ಪ್ರಶ್ನೆಗೆ ಅವರು ಹಾಳೆಯ ಅಂಚಿನಲ್ಲಿಯೇ ಲೆಕ್ಕ ಮಾಡಿ ತೋರಿಸಿದರು. ಲಾಭಾಂಶ ಹೋದ ಮೇಲೆ ಅಂಗಸಂಸ್ಥೆಯ ನಿವ್ವಳ ಆಸ್ತಿ 2.40 ಕೋಟಿಯಿಂದ 2.30 ಕೋಟಿಗೆ ಇಳಿಯುತ್ತದೆ, ಅದರ ಶೇ. 80 ಎಂದರೆ 1.84 ಕೋಟಿ, 2.42 ಕೋಟಿಯಲ್ಲಿ ಅದನ್ನು ಕಳೆದರೆ ಉಳಿಯುವುದು ಅದೇ 58 ಲಕ್ಷ. ಎರಡು ಕಡೆಯಿಂದಲೂ ಒಂದೇ ಅಂಕಿ ಬಂದದ್ದು ಲೆಕ್ಕ ಸರಿಯಿದೆ ಎಂಬುದಕ್ಕೆ ಸಾಕ್ಷಿ.

ಇಲ್ಲಿ ಎರಡು ಎಚ್ಚರಿಕೆಗಳನ್ನೂ ಅವರು ಬರೆದುಕೊಟ್ಟರು. ಪುಸ್ತಕದಲ್ಲಿ ಆದಾಯವಲ್ಲದ ಈ 8 ಲಕ್ಷ ಆದಾಯ ತೆರಿಗೆಗೆ ಮಾತ್ರ ಆದಾಯವೇ. ಹಂಚುವ ಕಂಪನಿಯೇ ಕಟ್ಟುತ್ತಿದ್ದ ಲಾಭಾಂಶ ಹಂಚಿಕೆ ತೆರಿಗೆ 2020ರ ಏಪ್ರಿಲ್ 1ರಿಂದ ರದ್ದಾದ ಮೇಲೆ ತೆರಿಗೆ ಕಟ್ಟುವ ಹೊಣೆ ಪಡೆದವರ ಮೇಲಿದೆ. ಎರಡನೆಯದಾಗಿ, ಇದೇ ಪ್ರಸಂಗ ಇಂಡ್ ಎಎಸ್ ಕಂಪನಿಯಲ್ಲಿ ನಡೆದಿದ್ದರೆ ಉತ್ತರ ಬೇರೆ. ಇಂಡ್ ಎಎಸ್ 27ರಲ್ಲಿ ಹೂಡಿಕೆಗೆ ಮುಂಚಿನ ಲಾಭ, ನಂತರದ ಲಾಭ ಎಂಬ ಭೇದವಿಲ್ಲ. ಲಾಭಾಂಶ ಪಡೆಯುವ ಹಕ್ಕು ಸ್ಥಾಪಿತವಾದಾಗ ಅದು ಲಾಭ-ನಷ್ಟ ಖಾತೆಗೆ ಹೋಗುತ್ತದೆ, ಜೊತೆಗೆ ಹೂಡಿಕೆಯ ಮೌಲ್ಯ ಕುಸಿದಿದೆಯೇ ಎಂದು ಇಂಡ್ ಎಎಸ್ 36ರ ಪ್ರಕಾರ ನೋಡಬೇಕಾಗುತ್ತದೆ. ಯಾವ ಮಾನದಂಡ ಅನ್ವಯ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳದೆ ಅಂತರ್ಜಾಲದಲ್ಲಿ ಸಿಕ್ಕ ಉತ್ತರವನ್ನು ಇಳಿಸಿಕೊಳ್ಳುವವರು ಈ ಎರಡು ಸಾಲುಗಳನ್ನು ಗಮನಿಸಬೇಕು.

ವರ್ಷದ ಕೊನೆಯ ಕೆಲಸದಲ್ಲಿ ನಾನು ಹತ್ತಿರದಿಂದ ನೋಡಿದ್ದು ಪರಸ್ಪರ ಬಾಕಿಗಳ ತಾಳೆಯನ್ನು. ನಮ್ಮ ಪುಸ್ತಕದ ಪ್ರಕಾರ ಹಾಸನದ ಘಟಕ ನಮಗೆ 31,60,000 ರೂಪಾಯಿ ಕೊಡಬೇಕು. ಅವರ ಪುಸ್ತಕದಲ್ಲಿ ಬಾಕಿ ಇದ್ದದ್ದು 23,60,000. ಎಂಟು ಲಕ್ಷದ ವ್ಯತ್ಯಾಸವನ್ನು ಕಾರಣ ತಿಳಿಯದ ಮೊತ್ತಗಳನ್ನು ಇಡುವ ಸಸ್ಪೆನ್ಸ್ ಖಾತೆಗೆ ತಳ್ಳಿ ಕೈ ತೊಳೆದುಕೊಳ್ಳುವವರನ್ನು ನೋಡಿದ್ದೇನೆ. ಇಲ್ಲಿ ಸಿಎ ತರಬೇತಿಯಲ್ಲಿರುವ ಆರ್ಟಿಕಲ್ ವಿದ್ಯಾರ್ಥಿನಿಯೊಬ್ಬರು ನಮ್ಮ ಕ್ಯೂರಿಂಗ್ ಘಟಕದ ಗೇಟ್ ಪಾಸುಗಳನ್ನು ತರಿಸಿಕೊಂಡು ಮಾರ್ಚ್ ಕೊನೆಯ ವಾರದ ಒಂದೊಂದನ್ನೂ ಹಾಸನದ ಸರಕು ಸ್ವೀಕೃತಿ ಪುಸ್ತಕದೊಂದಿಗೆ ಹೋಲಿಸಿದರು. ಮಾರ್ಚ್ 31ರ ಸಂಜೆ ಚಿಕ್ಕಮಗಳೂರು ಬಿಟ್ಟ, ಐವತ್ತು ಕಿಲೋದ 40 ಚೀಲ ಅರೇಬಿಕಾ ಬೀಜ ಹಾಸನದಲ್ಲಿ ಇಳಿದದ್ದು ಏಪ್ರಿಲ್ 1ರ ಬೆಳಿಗ್ಗೆ. ನಮ್ಮಲ್ಲಿ ಮಾರಾಟವಾಗಿದೆ, ಅವರಲ್ಲಿ ಖರೀದಿಯಾಗಿಲ್ಲ. ಅದನ್ನು ದಾರಿಯಲ್ಲಿರುವ ಸರಕು ಎಂದು ಕ್ರೋಡೀಕೃತ ದಾಸ್ತಾನಿಗೆ ಸೇರಿಸಿ, ಆಮೇಲೆ ಎರಡೂ ಕಡೆಯ ಬಾಕಿಯನ್ನು ಪೂರ್ತಿಯಾಗಿ ಹೊಡೆದುಹಾಕಿದರು.

ಆ ದಾಸ್ತಾನಿನಲ್ಲಿಯೇ ಇನ್ನೊಂದು ಗಂಟಿತ್ತು. ನಾವು ಅಂಗಸಂಸ್ಥೆಗೆ ಬೀಜ ಮಾರುವ ಬೆಲೆಯಲ್ಲಿ ಶೇ. 20 ಲಾಭ ಸೇರಿದೆ ಎಂದುಕೊಳ್ಳಿ. ವರ್ಷದ ಕೊನೆಗೆ, ದಾರಿಯಲ್ಲಿದ್ದುದೂ ಸೇರಿ, ನಮ್ಮಿಂದ ಹೋದ 25 ಲಕ್ಷ ರೂಪಾಯಿಯ ಬೀಜ ಹುರಿಯದೆ ಉಳಿದಿತ್ತು. ಅದರಲ್ಲಿ 5 ಲಕ್ಷ ನಮ್ಮ ಲಾಭ. ಆದರೆ ಗುಂಪಿನ ದೃಷ್ಟಿಯಲ್ಲಿ ಬೀಜ ಒಂದು ಗೋದಾಮಿನಿಂದ ಇನ್ನೊಂದು ಗೋದಾಮಿಗೆ ಹೋಗಿದೆಯೇ ಹೊರತು ಹೊರಗಿನ ಗಿರಾಕಿಗೆ ಮಾರಾಟವಾಗಿಲ್ಲ. ಎಎಸ್ 21 ಇಂಥ ಕೈಗೆ ಬಾರದ ಲಾಭವನ್ನು ಪೂರ್ತಿಯಾಗಿ ತೆಗೆಯಬೇಕು ಎನ್ನುತ್ತದೆ. ನಮ್ಮ ಪಾಲು ಶೇ. 80 ಇದೆಯೆಂದು 4 ಲಕ್ಷ ಮಾತ್ರ ತೆಗೆಯುವಂತಿಲ್ಲ. ಮಾರಿದವರು ನಾವಾದ್ದರಿಂದ ಅದರ ಹೊರೆಯೂ ನಮ್ಮ ಪಾಲಿನ ಮೇಲೆಯೇ ಬಿತ್ತು, ಹಳೆಯ ಮಾಲೀಕರ ಪಾಲನ್ನು ಮುಟ್ಟಲಿಲ್ಲ. ದಾಸ್ತಾನಿಗೆ ಬೆಲೆ ಕಟ್ಟುವ ಕ್ರಮ ನಮ್ಮಲ್ಲಿ ಒಂದು, ಅಲ್ಲಿ ಇನ್ನೊಂದು ಇದ್ದುದನ್ನೂ ಈ ಹಂತದಲ್ಲಿಯೇ ಒಂದು ಮಾಡಿದರು.

ಮೊದಲ ಗಂಭೀರ ತಪ್ಪು ಕಂಡದ್ದೂ ಇಲ್ಲಿಯೇ. ಅವರ ಮೊದಲ ಕರಡಿನಲ್ಲಿ ಈ 5 ಲಕ್ಷದ ಮೇಲೆ ಮುಂದೂಡಿದ ತೆರಿಗೆಯ ಆಸ್ತಿಯೊಂದನ್ನು, ಅಂದರೆ ಮುಂದೆ ಉಳಿಯಲಿರುವ ತೆರಿಗೆಯನ್ನು ಈಗಲೇ ಆಸ್ತಿಯಾಗಿ ತೋರಿಸುವ ಸಾಲೊಂದನ್ನು, ಸೃಷ್ಟಿಸಿದ್ದರು. ಇಂಡ್ ಎಎಸ್ 12ರಲ್ಲಿ ಅದು ಬೇಕು. ನಮ್ಮ ಎಎಸ್ 21ರಲ್ಲಿ ಬೇಡ: ಮಾತೃಸಂಸ್ಥೆ ಮತ್ತು ಅಂಗಸಂಸ್ಥೆಗಳ ಸ್ವಂತ ಲೆಕ್ಕಪತ್ರಗಳಲ್ಲಿ ಇರುವ ತೆರಿಗೆಯ ಮೊತ್ತಗಳನ್ನು ಕೂಡಿದ್ದಷ್ಟೇ ಕ್ರೋಡೀಕೃತ ತೆರಿಗೆ ವೆಚ್ಚ ಎಂದು ಮಾನದಂಡದ ವಿವರಣೆಯೇ ಹೇಳುತ್ತದೆ. ಅದೇ ಕರಡಿನ ಟಿಪ್ಪಣಿಗಳಲ್ಲಿ ಮೈನಾರಿಟಿ ಇಂಟರೆಸ್ಟ್‌ಗೆ ಇಂಡ್ ಎಎಸ್ ಬಳಸುವ ‘ನಾನ್ ಕಂಟ್ರೋಲಿಂಗ್ ಇಂಟರೆಸ್ಟ್’ ಎಂಬ ಹೆಸರೂ ಇತ್ತು. ಬೇರೊಂದು ದೊಡ್ಡ ಕಂಪನಿಗೆ ಮಾಡಿದ ನಮೂನೆಯನ್ನು ನಮಗೆ ಹೊಂದಿಸಿದ್ದಾರೆ ಎಂಬುದು ಸ್ಪಷ್ಟ. ನಮ್ಮ ಆಡಿಟರ್ ಎತ್ತಿ ತೋರಿಸಿದ ಮೇಲೆ ಮರುಮಾತಿಲ್ಲದೆ ತಿದ್ದಿದರು. ಆದರೂ ಈ ಕೆಲಸಕ್ಕೆಂದೇ ಹಣ ಪಡೆಯುವ ಕಚೇರಿಯಲ್ಲಿ ಇದು ಆಗಬಾರದಿತ್ತು. ಕರಡು ಬಂದ ಕೂಡಲೇ ಟಿಪ್ಪಣಿಗಳನ್ನು ಸಾಲು ಸಾಲಾಗಿ ಓದಬೇಕು ಎಂಬುದನ್ನು ಹೊಸದಾಗಿ ಹೋಗುವವರು ನೆನಪಿಡುವುದು ಒಳ್ಳೆಯದು.

ಇಷ್ಟೆಲ್ಲ ಆದ ಮೇಲೆ ಅಂತಿಮ ಚಿತ್ರ ಹೀಗೆ ನಿಂತಿತು. ವರ್ಗಾವಣೆಯ ನಂತರ ಮಾರ್ಚ್ ಕೊನೆಯವರೆಗೆ ಅಂಗಸಂಸ್ಥೆ ಮಾಡಿದ ಲಾಭ 30 ಲಕ್ಷ. ನಮ್ಮ ಪಾಲು 24, ಹಳೆಯ ಮಾಲೀಕರದ್ದು 6. ಅವರ 48 ಲಕ್ಷಕ್ಕೆ 6 ಸೇರಿ, ಅವರು ಪಡೆದ 2 ಲಕ್ಷ ಲಾಭಾಂಶ ಕಳೆದು, ಮೈನಾರಿಟಿ ಇಂಟರೆಸ್ಟ್ 52 ಲಕ್ಷವಾಯಿತು. ಅಂಗಸಂಸ್ಥೆಯ ನಿವ್ವಳ ಆಸ್ತಿ ಈಗ 2.60 ಕೋಟಿ, ಅದರ ಶೇ. 20 ಕೂಡ 52 ಲಕ್ಷ. ನಮ್ಮ ಸ್ವಂತ ಪುಸ್ತಕದಲ್ಲಿ ಹೂಡಿಕೆ 2.42 ಕೋಟಿ ಎಂದಿದ್ದರೆ, ಕ್ರೋಡೀಕೃತ ಲೆಕ್ಕದಲ್ಲಿ ಅದೇ ಹೂಡಿಕೆಯ ಹಿಂದಿರುವ ಮೊತ್ತ ನಮ್ಮ ಪಾಲಿನ ನಿವ್ವಳ ಆಸ್ತಿ 2.08 ಕೋಟಿ ಮತ್ತು ಗುಡ್‌ವಿಲ್ 58 ಲಕ್ಷ, ಒಟ್ಟು 2.66 ಕೋಟಿ. ನಡುವಿನ 24 ಲಕ್ಷವೇ ನಾವು ಗಳಿಸಿರುವ, ಆದರೆ ನಮ್ಮ ಸ್ವಂತ ಲಾಭ-ನಷ್ಟ ಖಾತೆಯಲ್ಲಿ ಎಲ್ಲಿಯೂ ಕಾಣದ ಲಾಭ. ಈ ತಾಳೆಯನ್ನು ಅವರು ಕೇಳದೆಯೇ ಒಂದು ಪ್ರತ್ಯೇಕ ಹಾಳೆಯಲ್ಲಿ ಕೊಟ್ಟರು. ನಿರ್ದೇಶಕರ ಮಂಡಳಿಯಲ್ಲಿ ಕ್ರೋಡೀಕೃತ ಲಾಭ ನೋಡಿ ಲಾಭಾಂಶ ಹೆಚ್ಚಿಸೋಣ ಎಂಬ ಮಾತು ಎದ್ದಾಗ, ಹಂಚಬೇಕಾದದ್ದು ಕಂಪನಿಯ ಸ್ವಂತ ಲಾಭದಿಂದ, ಈ 24 ಲಕ್ಷ ಇನ್ನೂ ಹಾಸನದಲ್ಲಿದೆ ಎಂದು ತೋರಿಸಲು ಅದೇ ಹಾಳೆ ಉಪಯೋಗಕ್ಕೆ ಬಂತು.

ಕೈಗೆ ಬಂದ ಕಡತದ ಬಗ್ಗೆಯೂ ಹೇಳಬೇಕು, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಇಲ್ಲಿ ನಾವು ಹಣ ಕೊಟ್ಟು ಕೊಳ್ಳುವ ಸರಕು ಮುದ್ರಿತ ಬ್ಯಾಲೆನ್ಸ್ ಶೀಟ್ ಅಲ್ಲ, ವರ್ಕಿಂಗ್ ಪೇಪರುಗಳು. ದೊಡ್ಡ ಹಾಳೆಯ ಮೇಲೆ ಮಾತೃಸಂಸ್ಥೆ, ಅಂಗಸಂಸ್ಥೆ, ಹೊಂದಾಣಿಕೆಯ ಡೆಬಿಟ್, ಕ್ರೆಡಿಟ್, ಒಟ್ಟು ಎಂದು ಐದು ಅಂಕಣಗಳು; ಪ್ರತಿ ಹೊಂದಾಣಿಕೆಗೂ ಒಂದು ಸಂಖ್ಯೆ, ಆ ಸಂಖ್ಯೆಯ ಹಿಂದೆ ಅರ್ಧ ಪುಟದ ಕಾರಣ ಮತ್ತು ಆಧಾರ ಪತ್ರ. ಗೇಟ್ ಪಾಸಿನ ಜೆರಾಕ್ಸ್ ಕೂಡ ಅಲ್ಲಿತ್ತು. ಎಲ್ಲಕ್ಕಿಂತ ಬೆಲೆಬಾಳುವುದು ಕೊನೆಯಲ್ಲಿದ್ದ ‘ಮುಂದಿನ ವರ್ಷಕ್ಕೆ’ ಎಂಬ ಹಾಳೆ. ಕ್ರೋಡೀಕರಣದ ನಮೂದುಗಳು ಯಾವ ಕಂಪನಿಯ ಲೆಡ್ಜರಿನಲ್ಲಿಯೂ ಇರುವುದಿಲ್ಲವಾದ್ದರಿಂದ ಮರುವರ್ಷ ಅವು ತಾವಾಗಿ ಮುಂದುವರಿಯುವುದಿಲ್ಲ. ಗುಡ್‌ವಿಲ್, ಮೈನಾರಿಟಿ ಇಂಟರೆಸ್ಟ್, ಆರಂಭಿಕ ಮೀಸಲಿನ ವಿಭಜನೆ ಎಲ್ಲವನ್ನೂ ಹೊಸದಾಗಿ ಹಾಕಬೇಕು. ಹಿಂದಿನ ವರ್ಷ ತೆಗೆದ 5 ಲಕ್ಷವನ್ನು ಆರಂಭಿಕ ಮೀಸಲಿನಿಂದ ಕಳೆದು, ಆ ಬೀಜ ಪುಡಿಯಾಗಿ ಮಾರಾಟವಾದ ವರ್ಷದ ಲಾಭಕ್ಕೆ ಸೇರಿಸಬೇಕು. ಇದು ತಪ್ಪಿದರೆ ಎರಡನೆಯ ವರ್ಷದ ಮೀಸಲು ಮೊದಲನೆಯ ವರ್ಷದ ಮುಕ್ತಾಯದ ಮೀಸಲಿಗೆ ಕೂಡುವುದೇ ಇಲ್ಲ. ಆ ಹಾಳೆಯನ್ನು ಹಿಡಿದು ಎರಡನೆಯ ವರ್ಷದ ಕರಡನ್ನು ನಮ್ಮ ಕಚೇರಿಯಲ್ಲಿಯೇ ತಯಾರಿಸಿದೆವು, ಅವರು ಪರಿಶೀಲಿಸಿದರು, ಶುಲ್ಕವೂ ಅದಕ್ಕೆ ತಕ್ಕಂತೆ ಇಳಿಯಿತು. ತಮ್ಮ ಮುಂದಿನ ವರ್ಷದ ಸಂಪಾದನೆಯನ್ನು ತಾವೇ ಕಡಿಮೆ ಮಾಡಿಕೊಳ್ಳುವ ಹಾಳೆಯನ್ನು ಕಕ್ಷಿದಾರರ ಕೈಗಿಡುವ ಕಚೇರಿಗಳು ಅಪರೂಪ.

ಆದರೆ ಆ ಕಡತ ಸುಲಭವಾಗಿ ಸಿಗಲಿಲ್ಲ. ಮೊದಲು ಪಿಡಿಎಫ್ ಕಳಿಸಿದರು. ಎಕ್ಸೆಲ್ ಕೇಳಿದಾಗ ಸೂತ್ರಗಳನ್ನೆಲ್ಲ ತೆಗೆದು ಬರೀ ಅಂಕಿಗಳನ್ನು ಉಳಿಸಿದ ಕಡತ ಬಂತು. ಮತ್ತೆ ಕೇಳಿದ ಮೇಲೆ ನಿಜವಾದದ್ದನ್ನು ಕೊಟ್ಟರು. ಒಪ್ಪಂದ ಪತ್ರದಲ್ಲಿಯೇ ‘ಸೂತ್ರಗಳಿರುವ ಕಡತ’ ಎಂದು ಬರೆಸಿಕೊಂಡರೆ ಈ ಓಡಾಟ ತಪ್ಪುತ್ತದೆ.

ಸಮಯದ ವಿಷಯದಲ್ಲಿ ಅವರಿಗೆ ಹೆಚ್ಚು ಅಂಕ ಕೊಡಲಾರೆ. ಸೆಪ್ಟೆಂಬರ್ ಬಂದರೆ ತೆರಿಗೆ ಆಡಿಟ್‌ಗಳ ಒತ್ತಡದಲ್ಲಿ ಹಿರಿಯರು ಫೋನಿಗೂ ಸಿಗುವುದಿಲ್ಲ, ಕಿರಿಯರು ತಾವಾಗಿ ನಿರ್ಧಾರ ಹೇಳುವುದಿಲ್ಲ. ನಮ್ಮ ವಾರ್ಷಿಕ ಸಭೆಯ ಕೊನೆಯ ದಿನವೂ ಸೆಪ್ಟೆಂಬರ್ 30. ಸಭೆಯಾದ 30 ದಿನಗಳೊಳಗೆ, ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ನಮೂನೆಯಾದ ಎಒಸಿ-4 ಜೊತೆಗೆ ಕ್ರೋಡೀಕೃತ ಲೆಕ್ಕಪತ್ರದ ಪ್ರತ್ಯೇಕ ನಮೂನೆಯನ್ನೂ, ಅಂಗಸಂಸ್ಥೆಯ ಮುಖ್ಯಾಂಶಗಳಿರುವ ಎಒಸಿ-1 ಪಟ್ಟಿಯನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಆ ಸಹಿಗಳಿಗಾಗಿ ಅಕ್ಟೋಬರಿನಲ್ಲಿ ಹಾಸನಕ್ಕೆ ಹೋದರೆ ಹಾಸನಾಂಬೆಯ ದರ್ಶನದ ದಿನಗಳಿಗೆ ಸಿಕ್ಕಿಕೊಂಡು ಬಿ.ಎಂ. ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗದೆ ಪರದಾಡಬೇಕಾಗುತ್ತದೆ. ಜುಲೈ ಕೊನೆಯೊಳಗೆ ಎರಡೂ ಕಂಪನಿಗಳ ಟ್ರಯಲ್ ಬ್ಯಾಲೆನ್ಸ್ ಅವರ ಮೇಜಿನ ಮೇಲಿರಬೇಕು. ಹೋಗುವಾಗ ಷೇರು ಖರೀದಿ ಒಪ್ಪಂದ, ವರ್ಗಾವಣೆಯ ದಿನದ ದಾಸ್ತಾನು ಪಟ್ಟಿ, ಎರಡೂ ಕಡೆಯ ಪರಸ್ಪರ ಲೆಡ್ಜರ್ ಮತ್ತು ಅಂಗಸಂಸ್ಥೆಯ ಲಾಭಾಂಶದ ನಿರ್ಣಯದ ಪ್ರತಿಯನ್ನು ಒಯ್ದರೆ ಅರ್ಧ ಪ್ರಶ್ನೆಗಳು ಅಲ್ಲಿಯೇ ಮುಗಿಯುತ್ತವೆ.

ಒಂದೆರಡು ಅಂಗಸಂಸ್ಥೆಗಳಿರುವ, ಎಎಸ್ ಪಾಲಿಸುವ ಹಾಸನ ಮತ್ತು ಚಿಕ್ಕಮಗಳೂರು ಸೀಮೆಯ ತೋಟದ ಕಂಪನಿಗಳಿಗೂ ಕುಟುಂಬದ ಕಂಪನಿಗಳಿಗೂ ಈ ಸೇವೆಯನ್ನು ನಾನು ಧೈರ್ಯವಾಗಿ ಹೇಳುತ್ತೇನೆ. ನಿವ್ವಳ ಮೌಲ್ಯ 250 ಕೋಟಿ ದಾಟಿ ಇಂಡ್ ಎಎಸ್‌ಗೆ ಒಳಪಟ್ಟವರು, ವಿದೇಶದಲ್ಲಿ ಅಂಗಸಂಸ್ಥೆ ಇರುವವರು ಬೇರೆಡೆ ವಿಚಾರಿಸುವುದು ಮೇಲು. ಮೊದಲ ಕರಡಿನ ಬೆರಕೆಯನ್ನು ನೋಡಿದ ಮೇಲೆ ಆ ಕೆಲಸಕ್ಕೆ ಬೇಕಾದ ಅಭ್ಯಾಸ ಅಲ್ಲಿ ಇನ್ನೂ ಪಳಗಿಲ್ಲ ಎಂದು ನನಗೆ ಅನ್ನಿಸಿದೆ. ನಾವಂತೂ ಮೂರನೆಯ ವರ್ಷಕ್ಕೂ ಅವರಲ್ಲಿಗೇ ಹೋಗುತ್ತೇವೆ. ಹಳೆಯ ಮಾಲೀಕರು ಉಳಿದ ಶೇ. 20ನ್ನೂ ಮಾರುವ ಮಾತು ಆಡಿದ್ದಾರೆ. ಆಗ ಹೆಚ್ಚುವರಿ ಗುಡ್‌ವಿಲ್ ಎಷ್ಟು ಬರಬಹುದು ಎಂದು ಕೇಳಿದಾಗ, ಬೆಲೆ ಕುದುರಿದ ದಿನದ ಟ್ರಯಲ್ ಬ್ಯಾಲೆನ್ಸ್ ತನ್ನಿ, ಹೇಳುತ್ತೇವೆ ಎಂದಿದ್ದಾರೆ.